ಗಣಕದ ಒಳದಾರಿಗಳಲ್ಲಿ ಸಂಕೇತದ ಶುದ್ಧಿಯೂ ವಿದ್ಯುತ್ತಿನ ಮಿತವ್ಯಯವೂ

ಬೆಂಗಳೂರಿನಿಂದ ವಾಯವ್ಯಕ್ಕೆ ಸಾಗುವ ಹೆದ್ದಾರಿಯು ತುಮಕೂರನ್ನು ಮುಟ್ಟುವುದಕ್ಕೆ ಮುನ್ನ ಎದುರಾಗುವ ಕ್ಯಾತ್ಸಂದ್ರವು, ಸಿದ್ಧಗಂಗೆಯ ಮಠದಿಂದಲೂ, ಅಲ್ಲಿ ಸಾವಿರಾರು ಮಕ್ಕಳಿಗೆ ನಿತ್ಯ ನಡೆಯುವ ಅನ್ನ ಮತ್ತು ಅಕ್ಷರಗಳ ದಾಸೋಹದಿಂದಲೂ, ತನ್ನ ತಟ್ಟೆ ಇಡ್ಲಿಯಿಂದಲೂ ನಾಡಿಗೆಲ್ಲ ಪರಿಚಿತವಾದ ಊರು. ಅದೇ ಮಠದ ಶ್ರೀ ಶಿವಕುಮಾರ ಸ್ವಾಮಿಗಳವರ ಸಂಕಲ್ಪದಿಂದ 1963ರಲ್ಲಿ ಸ್ಥಾಪಿತವಾದ ಸಿದ್ಧಗಂಗಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಂತಹ ವಿದ್ಯಾಸಂಸ್ಥೆಗಳಲ್ಲಿ ಎಲೆಕ್ಟ್ರಾನಿಕ್ಸ್ ಓದಿದ, ಗುಬ್ಬಿ, ಕುಣಿಗಲು, ಶಿರಾ ಸೀಮೆಗಳ ಹಳ್ಳಿಗಳಿಂದ ಬಂದ ಎಷ್ಟೋ ತರುಣ ತರುಣಿಯರು ಇಂದು ಬೆಂಗಳೂರಿನ ಚಿಪ್ ವಿನ್ಯಾಸದ ಕಚೇರಿಗಳಲ್ಲಿ ದುಡಿಯುತ್ತಿದ್ದಾರೆ. ಹಬ್ಬಕ್ಕೆ ಊರಿಗೆ ಬಂದಾಗ ಹಿರಿಯರು ‘ಏನಪ್ಪ, ಅಲ್ಲಿ ನಿನ್ನ ಕೆಲಸ ಏನು?’ ಎಂದು ವಿಚಾರಿಸಿದರೆ ‘ಕಂಪ್ಯೂಟರ್ ಕೆಲಸ’ ಎಂಬ ಉತ್ತರದೊಂದಿಗೆ ಮಾತು ಮುಗಿಯುತ್ತದೆ. ಆ ಕೆಲಸಗಳಲ್ಲಿ, ನನ್ನ ಎಣಿಕೆಯಲ್ಲಿ ಅತ್ಯಂತ ಸೂಕ್ಷ್ಮವೂ ಅತ್ಯಂತ ಕಡಿಮೆ ಪ್ರಸಿದ್ಧಿಯುಳ್ಳದ್ದೂ ಆದ ಒಂದನ್ನು ಸಾವಧಾನವಾಗಿ ವಿವರಿಸಬೇಕೆಂಬುದು ಈ ಲೇಖನದ ಉದ್ದೇಶ: ಲೆಕ್ಕಕ್ಕೆ ಬೇಕಾದ ಅಂಕಿಗಳನ್ನು ಗಣಕದೊಳಗೆ ಒಂದೆಡೆಯಿಂದ ಇನ್ನೊಂದೆಡೆಗೆ ಕೆಡದಂತೆ, ಅತ್ಯಲ್ಪ ವೆಚ್ಚದಲ್ಲಿ ಮುಟ್ಟಿಸುವ ಕೆಲಸ ಅದು.

ಗಣಕವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಎಣಿಕೆ. ಆದರೆ ವಿದ್ಯುತ್ತಿನ ಜಮಾಖರ್ಚಿನಲ್ಲಿ ಎಣಿಕೆಯು ತೀರ ಅಗ್ಗದ ಬಾಬತ್ತು, ದುಬಾರಿಯಾದದ್ದು ಸಾಗಣೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರ್ಕ್ ಹೊರೊವಿಟ್ಸ್ ಅವರು 2014ರಲ್ಲಿ ವಿದ್ವತ್ಸಭೆಯೊಂದರ ಮುಂದಿಟ್ಟ ಅಂಕಿಗಳನ್ನು ನೋಡಿದರೆ ಈ ಮಾತು ಮನದಟ್ಟಾಗುತ್ತದೆ. 45 ನ್ಯಾನೊಮೀಟರ್ ತಂತ್ರದಿಂದ ತಯಾರಾದ ಚಿಪ್ಪಿನಲ್ಲಿ 32 ಬಿಟ್ಟುಗಳ ಎರಡು ಪೂರ್ಣಾಂಕಗಳನ್ನು ಕೂಡುವುದಕ್ಕೆ 0.1 ಪೈಕೊಜೂಲ್ ಶಕ್ತಿ ಸಾಕು. ಚಿಪ್ಪಿನ ಹೊರಗಿರುವ ಮೆಮೊರಿಯಿಂದ 64 ಬಿಟ್ಟುಗಳನ್ನು ತರಿಸಿಕೊಳ್ಳುವುದಕ್ಕಾದರೋ 1300ರಿಂದ 2600 ಪೈಕೊಜೂಲ್ ಬೇಕು. ಪೈಕೊಜೂಲ್ ಎಂಬುದು ಒಂದು ಜೂಲಿನ ಲಕ್ಷ ಕೋಟಿಯ ಒಂದು ಪಾಲು. ಅಷ್ಟು ಅಲ್ಪವಾದುದರ ಚಿಂತೆ ಏತಕ್ಕೆಂದು ಯಾರಾದರೂ ಕೇಳಬಹುದು. ಒಂದು ಬಿಟ್ಟನ್ನು ಸಾಗಿಸುವುದಕ್ಕೆ 10 ಪೈಕೊಜೂಲ್ ತಗಲುವ ದಾರಿಯೊಂದರ ಮೇಲೆ ಸೆಕೆಂಡಿಗೆ ಲಕ್ಷ ಕೋಟಿ ಬಿಟ್ಟುಗಳನ್ನು ಹರಿಯಿಸಿದರೆ, ಬರಿಯ ಸಾಗಣೆಗೇ 10 ವ್ಯಾಟ್ ವಿದ್ಯುತ್ತು ವ್ಯಯವಾಗುತ್ತದೆ. ಇಂದಿನ ದೊಡ್ಡ ಗಣಕಗಳಲ್ಲಿ ಅಂತಹ ದಾರಿಗಳು ಹಲವಾರು ಇರುತ್ತವೆ. ಒಂದು ದತ್ತಾಂಶ ಕೇಂದ್ರದಲ್ಲಿ ಅಂತಹ ಗಣಕಗಳು ಸಾವಿರಗಟ್ಟಲೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಹದಿಮೂರು ಸಾವಿರ ಎಕರೆಗಳ ಮೇಲೆ ಹರಡಿ 2000 ಮೆಗಾವ್ಯಾಟಿಗೂ ಮಿಕ್ಕಿದ ಸಾಮರ್ಥ್ಯ ಪಡೆದಿರುವ ಸೌರ ಉದ್ಯಾನದಂತಹ ಆಸ್ತಿಗಳನ್ನು ನಾವು ಎಷ್ಟು ಕಷ್ಟದಿಂದ ಕಟ್ಟುತ್ತೇವೆಂಬುದನ್ನು ನೆನೆದರೆ, ವಿದ್ಯುತ್ತು ಸೋರಿಹೋಗುವ ಜಾಗವು ಎಷ್ಟೇ ಸಣ್ಣದಾದರೂ ಅದನ್ನು ಹುಡುಕಬೇಕೆಂಬ ಆಸ್ಥೆ ಹುಟ್ಟದಿರದು.

ಪ್ರೊಸೆಸರು, ಮೆಮೊರಿ, ಇತರ ಉಪಕರಣಗಳು ಇವುಗಳ ನಡುವೆ ದತ್ತಾಂಶವನ್ನು ಒಯ್ಯುವ ತಂತಿಗಳ ಸಮೂಹಕ್ಕೆ ತಂತ್ರಜ್ಞರು ಬಸ್ ಎನ್ನುತ್ತಾರೆ. ಅದು ಸಾಮಾನ್ಯವಾಗಿ ಹಸಿರು ಬಣ್ಣದ ಸರ್ಕ್ಯೂಟ್ ಬೋರ್ಡಿನ ಮೇಲೂ ಅದರ ಒಳಪದರಗಳಲ್ಲಿಯೂ ಹಾಯುವ ತಾಮ್ರದ ತೆಳುಗೆರೆಗಳ ಸಾಲು. ಬಹುಕಾಲ ಈ ಗೆರೆಗಳ ವಿಷಯದಲ್ಲಿ ಯಾರೂ ತಲೆಕೆಡಿಸಿಕೊಳ್ಳಬೇಕಾಗಿರಲಿಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ, ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ಕಾಲದಲ್ಲಿ, ಯು. ಎನ್. ಸಿನ್ಹಾ ಅವರ ಮುಂದಾಳುತನದಲ್ಲಿ 1986ರಲ್ಲಿ ಸಿದ್ಧವಾದ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕವು ಇಂಟೆಲ್ 8086 ಜಾತಿಯ ನಾಲ್ಕು ಪ್ರೊಸೆಸರುಗಳನ್ನು ಕೂಡಿಸಿ ಕಟ್ಟಿದ್ದು. ಹರಿಯುವ ಗಾಳಿಯ ಸಮೀಕರಣಗಳನ್ನು ಬಿಡಿಸುವುದಕ್ಕಾಗಿ ಹುಟ್ಟಿದ ಆ ಯಂತ್ರವು ಭಾರತದ ಮೊದಮೊದಲ ಸಮಾಂತರ ಗಣಕಗಳಲ್ಲೊಂದು. ಆ ಕಾಲದ 8086 ಪ್ರೊಸೆಸರೊಂದು ಸೆಕೆಂಡಿಗೆ 50 ಲಕ್ಷ ಮಿಡಿತಗಳಲ್ಲಿ ನಡೆದರೆ ಮಿಡಿತ ಮಿಡಿತಕ್ಕೂ ನಡುವೆ 200 ನ್ಯಾನೊಸೆಕೆಂಡುಗಳ ಬಿಡುವು ಇರುತ್ತಿತ್ತು. ಬೋರ್ಡಿನ ಮೇಲೆ ವಿದ್ಯುತ್ಸಂಕೇತವು ಬೆಳಕಿನ ವೇಗದ ಸುಮಾರು ಅರ್ಧದಷ್ಟು ವೇಗದಿಂದ, ಎಂದರೆ ನ್ಯಾನೊಸೆಕೆಂಡಿಗೆ 15 ಸೆಂಟಿಮೀಟರಿನಂತೆ, ಓಡುತ್ತದೆ. ಆ ಬಿಡುವಿನೊಳಗೆ ಅದು 30 ಮೀಟರು ಕ್ರಮಿಸಬಲ್ಲುದು. ಒಂದು ಗೇಣಿನ ತಂತಿಯಲ್ಲಿ ಎದ್ದ ಅಲೆಗಳೆಲ್ಲವೂ ಎಷ್ಟೋ ಸಲ ಆಚೀಚೆ ಓಡಾಡಿ ಅಡಗಿ ಶಾಂತವಾದ ಬಳಿಕವೇ ಮುಂದಿನ ಮಿಡಿತ ಬರುತ್ತಿದ್ದುದರಿಂದ, ಅವು ಎದ್ದುವೆಂಬುದೇ ಯಾರಿಗೂ ತಿಳಿಯುತ್ತಿರಲಿಲ್ಲ.

ಇಂದಿನ ಸಾಮಾನ್ಯ ಡಿಡಿಆರ್5 ಮೆಮೊರಿಯಲ್ಲಿ ಒಂದೊಂದು ತಂತಿಯೂ ಸೆಕೆಂಡಿಗೆ 480 ಕೋಟಿ ಬಿಟ್ಟುಗಳನ್ನು ಒಯ್ಯುತ್ತದೆ. ಒಂದು ಬಿಟ್ಟಿಗೆ ದೊರೆಯುವ ಅವಧಿ 0.2 ನ್ಯಾನೊಸೆಕೆಂಡಿಗಿಂತ ತುಸು ಹೆಚ್ಚು. ಅಷ್ಟರಲ್ಲಿ ಸಂಕೇತವು ಕ್ರಮಿಸುವ ದೂರ ಮೂರು ಸೆಂಟಿಮೀಟರಷ್ಟೆ. ಆದುದರಿಂದ ಮೊದಲನೆಯ ಬಿಟ್ಟು ಮೆಮೊರಿಯನ್ನು ಮುಟ್ಟುವುದಕ್ಕೆ ಮುನ್ನವೇ ಎರಡನೆಯದೂ ಮೂರನೆಯದೂ ಅದೇ ತಂತಿಯನ್ನೇರಿ ಹಿಂದೆಯೇ ಬರುತ್ತಿರುತ್ತವೆ. ಈ ಸ್ಥಿತಿಯಲ್ಲಿ ತಂತಿಯನ್ನು ಬರಿಯ ತಂತಿಯೆಂದು ಭಾವಿಸಲಾಗದು. ಅದು ತರಂಗಗಳು ಸಂಚರಿಸುವ ಒಂದು ಮಾರ್ಗ. ಗೋರೂರಿನಿಂದ ತುಮಕೂರು ಸೀಮೆಗೆ ನೀರು ತರುವ ಹೇಮಾವತಿಯ ನಾಲೆಯಲ್ಲಿ, ಮೇಲುಗಡೆ ತೂಬನ್ನು ಥಟ್ಟನೆ ಎತ್ತಿದಾಗ ಏಳುವ ನೀರಿನ ಅಲೆಯು ಕೆಳಕ್ಕೆ ಓಡಿ, ದೂರದಲ್ಲಿ ಮುಚ್ಚಿದ ಬಾಗಿಲಿಗೆ ಬಡಿದು, ಅಲ್ಲಿ ಉಬ್ಬಿ, ಬಂದ ದಾರಿಯಲ್ಲೇ ಹಿಂದಕ್ಕೆ ಸಾಗುವುದನ್ನು ನೀರುಗಂಟಿಗಳು ಬಲ್ಲರು. ನಾಲೆಯ ಅಗಲವು ನಡುವೆ ಎಲ್ಲಿಯಾದರೂ ಕಿರಿದಾದರೆ ಅಲ್ಲಿಯೂ ಅಲೆಯ ಒಂದು ಪಾಲು ಹಿಂದಿರುಗುತ್ತದೆ. ತಾಮ್ರದ ಗೆರೆಯಲ್ಲಿ ನಡೆಯುವುದೂ ಇದೇ.

ತಾಮ್ರದ ಪ್ರತಿಯೊಂದು ಗೆರೆಗೂ, ಅದರ ಅಗಲ, ಕೆಳಗೆ ಹಾಸಿರುವ ಭೂಪದರವೆಂಬ (ಗ್ರೌಂಡ್) ತಾಮ್ರದ ಪದರದಿಂದ ಅದಕ್ಕಿರುವ ಅಂತರ, ನಡುವಿನ ವಸ್ತುವಿನ ಗುಣ ಇವುಗಳಿಂದ ನಿಶ್ಚಿತವಾಗುವ ಒಂದು ಸ್ವಭಾವರೋಧವಿರುತ್ತದೆ. ಸಾಧಾರಣವಾಗಿ ಅದನ್ನು 50 ಓಮಿನ ಆಸುಪಾಸಿನಲ್ಲಿ ಇಡುತ್ತಾರೆ. ಗೆರೆಯ ತುದಿಯಲ್ಲಿ ಅದೇ 50 ಓಮಿನ ರೆಸಿಸ್ಟರೊಂದು ಕುಳಿತಿದ್ದರೆ ಬಂದ ತರಂಗವು ಅದರಲ್ಲಿ ಸಂಪೂರ್ಣವಾಗಿ ಲೀನವಾಗುತ್ತದೆ. ಅದು 75 ಓಮ್ ಆಗಿದ್ದರೆ ತರಂಗದ ಐದನೆಯ ಒಂದು ಪಾಲು ಹಿಂದಿರುಗುತ್ತದೆ. ತುದಿಯು ಬರಿದೇ ತೆರೆದಿದ್ದರೆ ಪೂರ್ತಿ ತರಂಗವೇ ಹಿಂದಿರುಗುತ್ತದೆ. ಹಾಗೆ ಹಿಂದಿರುಗಿದುದು ಮುಂದಣ ಬಿಟ್ಟಿನ ಮೇಲೆ ಬಿದ್ದು, ಒಂದನ್ನು ಸೊನ್ನೆಯಾಗಿಯೂ ಸೊನ್ನೆಯನ್ನು ಒಂದಾಗಿಯೂ ತೋರಿಸತೊಡಗುತ್ತದೆ. ತುದಿಯಲ್ಲಿ ತಕ್ಕ ರೆಸಿಸ್ಟರನ್ನಿಟ್ಟು ತರಂಗವನ್ನು ಹೀರಿಸಿಬಿಡುವ ಈ ಕ್ರಮಕ್ಕೆ ಟರ್ಮಿನೇಷನ್ ಎಂದು ಹೆಸರು. ಸಂಕೇತದ ಶುದ್ಧಿಗೆ ಇದು ಪ್ರಥಮೋಪಾಯ. ಆದರೆ ಆ ರೆಸಿಸ್ಟರಿನಲ್ಲಿ ಪ್ರವಾಹವು ಹರಿಯುತ್ತಿರುವಷ್ಟು ಹೊತ್ತೂ ವಿದ್ಯುತ್ತು ಬಿಸಿಯಾಗಿ ಹೋಗುತ್ತಿರುತ್ತದೆ. ಶುದ್ಧಿಗೂ ಮಿತವ್ಯಯಕ್ಕೂ ನಡುವಣ ತಿಕ್ಕಾಟ ಇಲ್ಲಿಂದಲೇ ಮೊದಲಾಗುತ್ತದೆ.

ಈ ತಿಕ್ಕಾಟವನ್ನು ಅತ್ಯಂತ ಚಾತುರ್ಯದಿಂದ ಬಿಡಿಸಿದ ಉದಾಹರಣೆಯೆಂದು ನಾನು ಎಣಿಸುವುದು 1992ರ ಪಿಸಿಐ ಬಸ್ಸನ್ನು. ಅದರ ನಿರ್ಮಾಪಕರು ತುದಿಯಲ್ಲಿ ರೆಸಿಸ್ಟರನ್ನೇ ಇಡಲಿಲ್ಲ. ಕಳುಹಿಸುವ ಚಿಪ್ಪು ತಂತಿಯ ಮೇಲೆ ಬೇಕಾದ ವೋಲ್ಟೇಜಿನ ಅರ್ಧದಷ್ಟನ್ನು ಮಾತ್ರ ಎಬ್ಬಿಸುವುದು. ಆ ಅರ್ಧತರಂಗವು ತೆರೆದ ತುದಿಗೆ ಬಡಿದು ಇಮ್ಮಡಿಯಾಗಿ ಹಿಂದಿರುಗುವಾಗ ದಾರಿಯುದ್ದಕ್ಕೂ ಪೂರ್ಣ ವೋಲ್ಟೇಜನ್ನು ತುಂಬುತ್ತ ಬರುವುದು. ಯಾವ ಪ್ರತಿಫಲನವು ದೋಷವೆನಿಸಿತ್ತೋ ಅದನ್ನೇ ಕೆಲಸಕ್ಕೆ ಹಚ್ಚಿ, ಸ್ಥಿರವಾಗಿ ಹರಿಯುವ ಪ್ರವಾಹವನ್ನು ಸಂಪೂರ್ಣವಾಗಿ ಉಳಿಸಿದ ಈ ಉಪಾಯವು 33 ಮೆಗಾಹರ್ಟ್ಸಿನಲ್ಲಿ ಸೊಗಸಾಗಿ ನಡೆಯಿತು. ತರಂಗವು ಹೋಗಿ ಬರುವಷ್ಟು ಹೊತ್ತು ಎಲ್ಲರೂ ಕಾಯಬೇಕಾದುದರಿಂದ ವೇಗವು ಏರಿದಂತೆಲ್ಲ ಅದರ ಆಯುಸ್ಸು ಕುಂದಿತು; ಆದರೂ ಆ ವಿಚಾರದ ಅಂದವು ಕುಂದಿಲ್ಲ.

ಹಳೆಯ ಬಸ್ಸುಗಳಲ್ಲಿ ಇನ್ನೊಂದು ತೊಡಕೂ ಇತ್ತು. ಒಂದೇ ಗೆರೆಗೆ ಹಲವಾರು ಉಪಕರಣಗಳು ತಗಲಿಕೊಂಡಿರುತ್ತಿದ್ದುವು. ಒಂದೊಂದು ಉಪಕರಣಕ್ಕೂ ಮುಖ್ಯ ಗೆರೆಯಿಂದ ಕವಲೊಡೆಯುವ ಕಿರುದಾರಿಯೊಂದಿರುತ್ತಿತ್ತು. ಪ್ರತಿ ಕವಲಿನಲ್ಲಿಯೂ ತರಂಗವು ಒಡೆದು ಸ್ವಲ್ಪ ಸ್ವಲ್ಪವಾಗಿ ಹಿಂದಿರುಗುತ್ತಿತ್ತು. ಯುದ್ಧವಿಮಾನಗಳ ಉಪಕರಣಗಳನ್ನು ಒಂದಕ್ಕೊಂದು ಜೋಡಿಸುವ ಮಿಲ್-ಸ್ಟಾಂಡರ್ಡ್-1553 ಎಂಬ ಬಸ್ಸಿನ ನಿಯಮಗಳಲ್ಲಿ ಈ ಕವಲುಗಳ ವಿಚಾರಕ್ಕೆ ಎಷ್ಟು ಗಮನ ದೊರೆತಿದೆಯೆಂದರೆ, ನೇರವಾಗಿ ತಗಲಿಸಿದ ಕವಲು ಒಂದು ಅಡಿಯನ್ನೂ ಸಣ್ಣ ಟ್ರಾನ್ಸ್‌ಫಾರ್ಮರಿನ ಮೂಲಕ ತಗಲಿಸಿದ ಕವಲು ಇಪ್ಪತ್ತು ಅಡಿಯನ್ನೂ ಮೀರಬಾರದೆಂದು ಅಲ್ಲಿ ಮಿತಿ ಹೇಳಿದೆ; ಗೆರೆಯ ಎರಡು ತುದಿಗಳಲ್ಲಿಯೂ ತಕ್ಕ ರೋಧ ಇರಲೇಬೇಕು. ಸೆಕೆಂಡಿಗೆ ಹತ್ತು ಲಕ್ಷ ಬಿಟ್ಟುಗಳೆಂಬ, ಇಂದಿನ ದೃಷ್ಟಿಗೆ ತೀರ ಮಂದವಾದ ವೇಗದ ಬಸ್ಸು ಅದು; ಹಾಗಿದ್ದೂ ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ವಿಮಾನದ ಉಪಕರಣಗಳು ಪರಸ್ಪರ ಮಾತನಾಡುವುದು ಇದರ ಮೇಲೆಯೇ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಬಯಸುವ ನಮ್ಮ ಹುಡುಗರಿಗೆ, ವೈಮಾನಿಕ ಉಪಕರಣಗಳ ವೈರಿಂಗಿನಲ್ಲಿ ಒಂದು ಅಡಿಯ ಅಂತರಕ್ಕೂ ಅರ್ಥವಿದೆಯೆಂಬ ತಿಳಿವಳಿಕೆ ಮೊದಲ ದಿನದಿಂದಲೇ ಬೇಕಾಗುತ್ತದೆ.

ಇನ್ನು ವಿದ್ಯುತ್ತಿನ ವೆಚ್ಚದ ಮಾತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ, ಸುಮಾರು 147 ಕಿಲೋಮೀಟರು ದೂರ, ವಿದ್ಯುತ್ತನ್ನು ಒಯ್ದ ಮೈಸೂರು ಸಂಸ್ಥಾನದ ಆ ಮಹತ್ಕಾರ್ಯವನ್ನು ನಾವೆಲ್ಲರೂ ಬಲ್ಲೆವು. ಅಲ್ಲಿ ವೋಲ್ಟೇಜನ್ನು ಮೂವತ್ತು ಸಾವಿರಕ್ಕೆ ಕಡಿಮೆಯಿಲ್ಲದಂತೆ ಏರಿಸಿದುದು ನಷ್ಟವನ್ನು ತಗ್ಗಿಸುವುದಕ್ಕಾಗಿಯೇ. ವೋಲ್ಟೇಜು ಏರಿದರೆ ಅದೇ ಶಕ್ತಿಗೆ ಪ್ರವಾಹವು ಕಡಿಮೆ ಸಾಕಾಗಿ, ತಂತಿಯ ಬಿಸಿಯೂ ತಗ್ಗುವುದು. ಸಂಕೇತದ ತಂತಿಯಲ್ಲಿ ನ್ಯಾಯವು ತಿರುಗುಮುರುಗಾಗುತ್ತದೆ. ಇಲ್ಲಿ ಒಯ್ಯಬೇಕಾದುದು ಶಕ್ತಿಯಲ್ಲ, ಸುದ್ದಿ. ಸೊನ್ನೆಯಿಂದ ಒಂದಕ್ಕೆ ಏರುವಾಗಲೆಲ್ಲ ತಂತಿಯನ್ನು ವಿದ್ಯುದಾವೇಶದಿಂದ ತುಂಬಬೇಕು, ಇಳಿಯುವಾಗಲೆಲ್ಲ ಬರಿದುಮಾಡಬೇಕು. ಹೀಗೆ ತುಂಬಿ ಚೆಲ್ಲುವ ಶಕ್ತಿಯು ತಂತಿಯ ಧಾರಣಶಕ್ತಿಯನ್ನೂ, ವೋಲ್ಟೇಜಿನ ವರ್ಗವನ್ನೂ, ಸೆಕೆಂಡಿಗೆ ಎಷ್ಟು ಬಾರಿ ಹೀಗೆ ತುಂಬಿ ಚೆಲ್ಲುತ್ತೇವೆಂಬ ಸಂಖ್ಯೆಯನ್ನೂ ಗುಣಿಸಿದಷ್ಟು. ವೋಲ್ಟೇಜು ವರ್ಗವಾಗಿ ಸೇರುವುದರಿಂದ ಅದನ್ನು ಅರ್ಧಕ್ಕಿಳಿಸಿದರೆ ಶಕ್ತಿಯು ಕಾಲುಭಾಗಕ್ಕೆ ಇಳಿಯುತ್ತದೆ. 5 ವೋಲ್ಟಿನಿಂದ 1.1 ವೋಲ್ಟಿಗೆ ಇಳಿಸಿದರೆ ಇಪ್ಪತ್ತನೆಯ ಒಂದು ಪಾಲಿಗೆ.

ಈ ನಿಯಮದ ಸಾಕ್ಷ್ಯಕ್ಕೆ ಬೆಂಗಳೂರಿನದೇ ಒಂದು ಉದಾಹರಣೆಯುಂಟು. 2007ರ ಫೆಬ್ರವರಿಯಲ್ಲಿ ಇಂಟೆಲ್ ಸಂಸ್ಥೆಯು ಪ್ರಕಟಿಸಿದ, ಎಂಬತ್ತು ತಿರುಳು(ಕೋರ್)ಗಳುಳ್ಳ ಸಂಶೋಧನಾ ಚಿಪ್ಪಿನ ವಿನ್ಯಾಸದಲ್ಲಿ ಆ ಸಂಸ್ಥೆಯ ಬೆಂಗಳೂರು ಪ್ರಯೋಗಾಲಯದ ತಂತ್ರಜ್ಞರು ದೊಡ್ಡ ಪಾಲನ್ನು ವಹಿಸಿದ್ದರು. ಆ ಚಿಪ್ಪು 0.95 ವೋಲ್ಟಿನಲ್ಲಿ, 3.16 ಗಿಗಾಹರ್ಟ್ಸ್ ವೇಗದಲ್ಲಿ, 62 ವ್ಯಾಟ್ ಮಾತ್ರ ವ್ಯಯಿಸಿ ಸೆಕೆಂಡಿಗೆ ಲಕ್ಷ ಕೋಟಿಗೂ ತುಸು ಮಿಕ್ಕ ಗಣನೆಗಳನ್ನು ಮಾಡಿತು, ಅದನ್ನೇ 1.35 ವೋಲ್ಟಿಗೆ ಏರಿಸಿ 5.7 ಗಿಗಾಹರ್ಟ್ಸಿನಲ್ಲಿ ಓಡಿಸಿದಾಗ ಗಣನೆಗಳು ಎರಡರಷ್ಟೂ ಆಗಲಿಲ್ಲ, 1.8ರಷ್ಟಾದುವು, ವ್ಯಯವಾದರೋ 265 ವ್ಯಾಟಿಗೆ, ಎಂದರೆ ನಾಲ್ಕು ಪಟ್ಟಿಗೂ ಮೇಲಕ್ಕೆ, ಏರಿತು. ಅದರ ಒಂದೊಂದು ತಿರುಳಿನ ವಿದ್ಯುತ್ತಿನಲ್ಲಿ ನೂರಕ್ಕೆ 28ರಷ್ಟು, ನೆರೆಯ ತಿರುಳುಗಳೊಡನೆ ದತ್ತಾಂಶವನ್ನು ವಿನಿಮಯ ಮಾಡುವ ಕೆಲಸಕ್ಕೇ ಹೋಗುತ್ತಿತ್ತೆಂಬುದೂ ಅದೇ ಸಂಶೋಧಕರು ಅಳೆದು ಹೇಳಿದ ಮಾತು. ಒಂದೇ ಚಿಪ್ಪಿನೊಳಗಿನ ಮಿಲಿಮೀಟರುಗಳ ದಾರಿಗೇ ಇಷ್ಟು ಸುಂಕ!

ಹಾಗಾದರೆ ವೋಲ್ಟೇಜನ್ನು ಇನ್ನೂ ಇಳಿಸುತ್ತ ಹೋಗಬಾರದೇಕೆ? ಇಲ್ಲಿಯೇ ನಾನು ಹೇಳಬೇಕೆಂದಿರುವ ಮುಖ್ಯ ವಿಷಯವಿರುವುದು. ಸಂಕೇತದ ಶುದ್ಧಿ ಒಂದು ಶಾಸ್ತ್ರ, ವಿದ್ಯುತ್ತಿನ ಉಳಿತಾಯ ಇನ್ನೊಂದು ಶಾಸ್ತ್ರ ಎಂದು ಪಾಠಪುಸ್ತಕಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ಬರೆಯುತ್ತವೆ. ವಾಸ್ತವದಲ್ಲಿ ಅವೆರಡೂ ಒಂದೇ. ಒಂದು ದಾರಿಯಲ್ಲಿ ಎಷ್ಟು ಗದ್ದಲವಿದೆಯೋ ಅಷ್ಟು ಗಟ್ಟಿಯಾಗಿ ಕೂಗಬೇಕಾಗುತ್ತದೆ. ಪ್ರತಿಫಲನಗಳೂ ನೆರೆತಂತಿಯ ಸೋರಿಕೆಗಳೂ ಸೇರಿ 0.2 ವೋಲ್ಟಿನಷ್ಟು ಕಲಬೆರಕೆಯನ್ನು ಎಬ್ಬಿಸುವ ಬೋರ್ಡಿನಲ್ಲಿ 0.3 ವೋಲ್ಟಿನ ಸಂಕೇತವು ಬದುಕಲಾರದು. ಆ ಕಲಬೆರಕೆಯನ್ನು 0.02ಕ್ಕೆ ಇಳಿಸಿದ ಬೋರ್ಡಿನಲ್ಲಿ ಅದೇ ಸಂಕೇತವು ನಿರಾತಂಕವಾಗಿ ಗುರಿ ಸೇರುತ್ತದೆ. ದಾರಿಯನ್ನು ಶುದ್ಧಗೊಳಿಸಲು ವಿನ್ಯಾಸಕಾರನು ಪಡುವ ಶ್ರಮವೆಲ್ಲವೂ, ಆ ಯಂತ್ರವು ಬದುಕಿರುವಷ್ಟು ಕಾಲವೂ, ವಿದ್ಯುತ್ತಿನ ಉಳಿತಾಯವಾಗಿ ಹಿಂದಿರುಗುತ್ತಿರುತ್ತದೆ.

ಇದು ಇಂದಿನ ಜ್ಞಾನವೇನೂ ಅಲ್ಲ. 1858ರ ಆಗಸ್ಟಿನಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಮೊದಲ ತಂತಿಯನ್ನು ಹಾಸಿ ಮುಗಿಸಿದಾಗ, ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶವು ಆಚೆ ದಡ ಮುಟ್ಟುವುದಕ್ಕೆ ಸುಮಾರು 16 ಗಂಟೆಗಳು ಹಿಡಿದುವು. ಕೆಲಸದ ಹೊಣೆ ಹೊತ್ತಿದ್ದ ವೈಲ್ಡ್‌ಮನ್ ವೈಟ್‌ಹೌಸ್ ಎಂಬಾತನು ಸಂಕೇತವು ಕ್ಷೀಣವಾದುದಕ್ಕೆ ವೋಲ್ಟೇಜನ್ನು ಎರಡು ಸಾವಿರದವರೆಗೆ ಏರಿಸುವುದೇ ಮದ್ದೆಂದು ನಂಬಿ ಹಾಗೆಯೇ ಮಾಡಿದನು. ತಂತಿಯ ಹೊದಿಕೆಯು ಕೆಟ್ಟು, ಕೆಲವು ವಾರಗಳೊಳಗಾಗಿ ಅದು ಶಾಶ್ವತವಾಗಿ ಮೂಕವಾಯಿತು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಖ್ಯಾತರಾದ ವಿಲಿಯಂ ಥಾಮ್ಸನ್ನರು ಇದಕ್ಕೆ ವಿರುದ್ಧವಾದ ಮಾರ್ಗವನ್ನು ಪ್ರತಿಪಾದಿಸಿದ್ದರು: ಅಲ್ಪ ವೋಲ್ಟೇಜನ್ನು ಕಳುಹಿಸಿ, ಅದನ್ನು ಗುರುತಿಸಬಲ್ಲ ಸೂಕ್ಷ್ಮವಾದ ಕನ್ನಡಿ ಗ್ಯಾಲ್ವನೋಮೀಟರನ್ನು ಆಚೆ ತುದಿಯಲ್ಲಿಡಬೇಕು. ಕೂಗುವ ಬಾಯನ್ನು ಬಲಪಡಿಸುವುದಕ್ಕಿಂತ ಕೇಳುವ ಕಿವಿಯನ್ನು ಸೂಕ್ಷ್ಮಗೊಳಿಸುವುದು ಲೇಸೆಂಬ ಥಾಮ್ಸನ್ನರ ಆ ವಿವೇಕವೇ, ಇಂದು ಅಂಗೈಯಗಲದ ಬೋರ್ಡಿನ ಮೇಲೆ ಹಾಯುವ ಸಂಕೇತಗಳಿಗೂ ಮಾರ್ಗದರ್ಶಿಯಾಗಿದೆ.

ಆ ವಿವೇಕದ ಆಧುನಿಕ ರೂಪಗಳಲ್ಲಿ ಎಲ್‌ವಿಡಿಎಸ್ ಎಂಬ ಕ್ರಮವು ಬಹಳ ಸರಳ, ಬಹಳ ಪರಿಣಾಮಕಾರಿ. ಅಮೆರಿಕದ ನ್ಯಾಷನಲ್ ಸೆಮಿಕಂಡಕ್ಟರ್ ಸಂಸ್ಥೆಯು 1994ರಲ್ಲಿ ಬಳಕೆಗೆ ತಂದ ಇದರಲ್ಲಿ ಒಂದು ಸಂಕೇತಕ್ಕೆ ಒಂದು ತಂತಿಯ ಬದಲು ಜೋಡಿ ತಂತಿಗಳು, 3.5 ಮಿಲಿಆಂಪಿಯರ್ ಪ್ರವಾಹವು ಒಂದರಲ್ಲಿ ಹೋಗಿ, ತುದಿಯ 100 ಓಮಿನ ರೆಸಿಸ್ಟರನ್ನು ದಾಟಿ, ಇನ್ನೊಂದರಲ್ಲಿ ಹಿಂದಿರುಗುವುದು. ಪ್ರವಾಹದ ದಿಕ್ಕೇ ಸೊನ್ನೆ ಒಂದುಗಳನ್ನು ತಿಳಿಸುವುದು. ರೆಸಿಸ್ಟರಿನ ಮೇಲೆ ಕಾಣುವ ವೋಲ್ಟೇಜು 0.35 ಮಾತ್ರ, ಅಲ್ಲಿ ವ್ಯಯವಾಗುವುದು 1.2 ಮಿಲಿವ್ಯಾಟ್ ಮಾತ್ರ. ಹೊರಗಿನ ಗದ್ದಲವು ಜೋಡಿಯ ಎರಡು ತಂತಿಗಳನ್ನೂ ಒಂದೇ ಸಮನಾಗಿ ತಟ್ಟುವುದರಿಂದಲೂ, ಕೇಳುವ ಚಿಪ್ಪು ಎರಡರ ವ್ಯತ್ಯಾಸವನ್ನಷ್ಟೇ ಗಮನಿಸುವುದರಿಂದಲೂ, ಆ ಗದ್ದಲವು ತನ್ನಷ್ಟಕ್ಕೆ ತಾನೇ ಕಳೆದುಹೋಗುತ್ತದೆ. ನ್ಯಾಷನಲ್ ಸೆಮಿಕಂಡಕ್ಟರನ್ನು 2011ರಲ್ಲಿ ತನ್ನೊಳಗೆ ಸೇರಿಸಿಕೊಂಡ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, 1985ರಲ್ಲಿಯೇ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರವನ್ನು ತೆರೆದು, ತನ್ನ ಉಪಗ್ರಹ ಸಂಪರ್ಕದ ಸಾಮಗ್ರಿಯನ್ನು ಎತ್ತಿನ ಗಾಡಿಯಲ್ಲಿ ತರಿಸಿಕೊಂಡ ಕತೆಯು ಬೆಂಗಳೂರಿನ ತಂತ್ರಜ್ಞರ ಬಾಯಲ್ಲಿ ಇಂದಿಗೂ ಇದೆ. ಕರ್ನಾಟಕದಲ್ಲಿ ಚಿಪ್ ವಿನ್ಯಾಸವೆಂಬ ವೃತ್ತಿ ಬೇರೂರಿದ್ದು ಅಲ್ಲಿಂದಲೇ ಎನ್ನಬೇಕು.

ಮೆಮೊರಿಯ ಬಸ್ಸಿನ ಇತಿಹಾಸವು ವೋಲ್ಟೇಜಿನ ಇಳಿಜಾರು. ಡಿಡಿಆರ್ 2.5 ವೋಲ್ಟಿನಲ್ಲಿ ನಡೆಯಿತು, ಡಿಡಿಆರ್2 1.8ರಲ್ಲಿ, ಡಿಡಿಆರ್3 1.5ರಲ್ಲಿ, ಡಿಡಿಆರ್4 1.2ರಲ್ಲಿ, 2020ರಲ್ಲಿ ಪ್ರಕಟವಾದ ಡಿಡಿಆರ್5 1.1ರಲ್ಲಿ ನಡೆಯುತ್ತದೆ. ಮೊದಲನೆಯದನ್ನೂ ಕೊನೆಯದನ್ನೂ ಹೋಲಿಸಿದರೆ ಒಂದು ಬದಲಾವಣೆಗೆ ತಗಲುವ ಶಕ್ತಿಯು ಐದನೆಯ ಒಂದು ಪಾಲಿಗೆ ಇಳಿದಿದೆಯೆನ್ನಬಹುದು. ಆದರೆ ಅದೇ ಅವಧಿಯಲ್ಲಿ ವೇಗವು ಸೆಕೆಂಡಿಗೆ 40 ಕೋಟಿ ಬಿಟ್ಟುಗಳಿಂದ 640 ಕೋಟಿಗೆ, ಹದಿನಾರು ಪಟ್ಟು, ಏರಿರುವುದರಿಂದ ಇಳಿಕೆಯ ಲಾಭವನ್ನೆಲ್ಲ ಏರಿಕೆಯು ನುಂಗಿಬಿಟ್ಟಿದೆ. ವೋಲ್ಟೇಜು ಇನ್ನು ಬಹಳ ಇಳಿಯುವಂತೆಯೂ ತೋರುವುದಿಲ್ಲ. ಆದುದರಿಂದ ಬೇರೆ ಉಪಾಯಗಳನ್ನು ಹುಡುಕಬೇಕಾಯಿತು.

ಅವುಗಳಲ್ಲಿ ಒಂದು ಉಪಾಯವನ್ನು, ಗಣಿತದ ಮೇಲೆ ಪ್ರೀತಿಯುಳ್ಳ ಓದುಗರಿಗಾಗಿ, ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಡಿಡಿಆರ್4ರಿಂದ ಮುಂದೆ ಮೆಮೊರಿಯ ತಂತಿಗಳ ಟರ್ಮಿನೇಷನ್ ರೆಸಿಸ್ಟರನ್ನು ಮೇಲಿನ ವೋಲ್ಟೇಜಿಗೆ ಕಟ್ಟಿರುತ್ತಾರೆ; ಹೀಗಾಗಿ ತಂತಿಯು ಒಂದನ್ನು ಸೂಚಿಸುವಾಗ ಪ್ರವಾಹವೇ ಹರಿಯುವುದಿಲ್ಲ, ಸೊನ್ನೆಯನ್ನು ಸೂಚಿಸುವಾಗ ಮಾತ್ರ ಹರಿಯುತ್ತದೆ. ವೆಚ್ಚವೆಲ್ಲವೂ ಸೊನ್ನೆಗಳದ್ದು. ಈಗ ಎಂಟು ತಂತಿಗಳ ಮೇಲೆ ಎಂಟು ಬಿಟ್ಟುಗಳನ್ನು ಕಳುಹಿಸಬೇಕಾಗಿದೆ, ಅವುಗಳಲ್ಲಿ ಆರು ಸೊನ್ನೆಗಳಿವೆಯೆನ್ನಿ. ಇದ್ದ ಹಾಗೆಯೇ ಕಳುಹಿಸಿದರೆ ಆರು ತಂತಿಗಳಲ್ಲಿ ಪ್ರವಾಹ. ಅದರ ಬದಲು ಎಂಟನ್ನೂ ಮಗುಚಿ, ಸೊನ್ನೆಯನ್ನು ಒಂದಾಗಿಯೂ ಒಂದನ್ನು ಸೊನ್ನೆಯಾಗಿಯೂ ಮಾಡಿ, ‘ಮಗುಚಿದ್ದೇನೆ’ ಎಂದು ತಿಳಿಸುವ ಒಂಬತ್ತನೆಯ ತಂತಿಯೊಂದನ್ನು ಸೊನ್ನೆಗಿಳಿಸಿದರೆ, ಒಟ್ಟು ಮೂರೇ ತಂತಿಗಳಲ್ಲಿ ಪ್ರವಾಹ. ಸೊನ್ನೆಗಳು ನಾಲ್ಕನ್ನು ಮೀರಿದಾಗಲೆಲ್ಲ ಹೀಗೆ ಮಾಡುವುದೆಂದು ನಿಯಮವಿಟ್ಟುಕೊಂಡರೆ ಯಾವ ಕ್ಷಣದಲ್ಲಿಯೂ ನಾಲ್ಕಕ್ಕಿಂತ ಹೆಚ್ಚು ತಂತಿಗಳಲ್ಲಿ ಪ್ರವಾಹವಿರುವುದಿಲ್ಲ. ಎಂಟು ಬಿಟ್ಟುಗಳ 256 ವಿನ್ಯಾಸಗಳೂ ಸಮಸಂಭವವೆಂದು ಭಾವಿಸಿ ಎಣಿಸಿದರೆ ಸೊನ್ನೆಗಳ ಸರಾಸರಿಯು 4ರಿಂದ 3.27ಕ್ಕೆ ಇಳಿಯುತ್ತದೆ, ನೂರಕ್ಕೆ ಹದಿನೆಂಟರಷ್ಟು ಉಳಿತಾಯ. ತಂತಿಗಳ ಬದಲಾವಣೆಗಳನ್ನು ತಗ್ಗಿಸುವುದಕ್ಕಾಗಿ ಇದೇ ತತ್ತ್ವವನ್ನು ಮಿರ್ಸಿಯಾ ಸ್ಟ್ಯಾನ್ ಮತ್ತು ವೇಯ್ನ್ ಬರ್ಲ್‌ಸನ್ ಎಂಬ ಸಂಶೋಧಕರು 1995ರಲ್ಲಿ ಪ್ರಕಟಿಸಿದ್ದರು.

ಆದರೆ ಈ ಉಪಾಯದ ಬೆಲೆ ಆ ಹದಿನೆಂಟರಲ್ಲಿಯೇ ಮುಗಿಯುವುದಿಲ್ಲ. ಹಲವು ತಂತಿಗಳು ಏಕಕಾಲಕ್ಕೆ ಬದಲಾದಾಗ ಚಿಪ್ಪಿಗೆ ವಿದ್ಯುತ್ತನ್ನು ಒದಗಿಸುವ ದಾರಿಯೇ ಕಂಪಿಸುತ್ತದೆ. 64 ತಂತಿಗಳಲ್ಲಿ ಒಂದೊಂದೂ 10 ಮಿಲಿಆಂಪಿಯರ್ ಪ್ರವಾಹವನ್ನು 0.1 ನ್ಯಾನೊಸೆಕೆಂಡಿನೊಳಗೆ ಬೇಡಿದರೆ, ಆ ದಾರಿಯ ಪ್ರೇರಕತ್ವವು 0.1 ನ್ಯಾನೊಹೆನ್ರಿಯಷ್ಟು ಅಲ್ಪವಾಗಿದ್ದರೂ 0.64 ವೋಲ್ಟಿನ ಕುಸಿತವುಂಟಾಗುತ್ತದೆ, 1.1 ವೋಲ್ಟಿನಲ್ಲಿ ನಡೆಯುವ ಯಂತ್ರಕ್ಕೆ ಅದು ಸಿಡಿಲಿನಂತಹ ಪೆಟ್ಟು. ಈ ಕಾರಣದಿಂದಲೇ ಚಿಪ್ಪಿನ ಬುಡದಲ್ಲಿ ಹತ್ತಾರು ಪುಟ್ಟ ಕೆಪಾಸಿಟರುಗಳನ್ನು, ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರ, ಕೂಡಿಸುವುದು. ಮಗುಚುವ ಕ್ರಮವು ಏಕಕಾಲಕ್ಕೆ ಪ್ರವಾಹ ಬೇಡುವ ತಂತಿಗಳ ಗರಿಷ್ಠ ಸಂಖ್ಯೆಯನ್ನೇ ಅರ್ಧಕ್ಕಿಳಿಸುವುದರಿಂದ, ವಿದ್ಯುತ್ತನ್ನು ಉಳಿಸುವ ಅದೇ ಕೈಯಿಂದ ಗದ್ದಲವನ್ನೂ ತಗ್ಗಿಸಿ ಸಂಕೇತವನ್ನು ಶುದ್ಧಗೊಳಿಸುತ್ತದೆ. ಎರಡು ಶಾಸ್ತ್ರಗಳೂ ಒಂದೇ ಎಂದು ಮೇಲೆ ಹೇಳಿದ ಮಾತಿಗೆ ಇದಕ್ಕಿಂತ ಅಚ್ಚುಕಟ್ಟಾದ ನಿದರ್ಶನವು ನನಗೆ ತಿಳಿಯದು.

ಬೋರ್ಡನ್ನು ಬಿಡಿಸುವವರ ಕುಶಲತೆಯೂ ಸಾಮಾನ್ಯವಾದುದಲ್ಲ. ಅಕ್ಕಪಕ್ಕದ ಗೆರೆಗಳು ತೀರ ಹತ್ತಿರವಿದ್ದರೆ ಒಂದರ ಮಾತು ಇನ್ನೊಂದಕ್ಕೆ ಸೋರುತ್ತದೆ. ಹೋಗುವ ಪ್ರವಾಹಕ್ಕೆ ಹಿಂದಿರುಗುವ ಪ್ರವಾಹವೊಂದು ಇದ್ದೇ ಇರುತ್ತದೆ, ಅದು ಗೆರೆಯ ನೇರ ಕೆಳಗೆ ಭೂಪದರದಲ್ಲಿ ಹರಿಯಬಯಸುತ್ತದೆ. ಆ ಪದರವನ್ನು ನಡುವೆ ಸೀಳಿಬಿಟ್ಟರೆ ಹಿಂದಿರುಗುವ ಪ್ರವಾಹವು ಸುತ್ತುಹಾಕಿ ಬರಬೇಕಾಗಿ, ಮೇಲಿನ ಗೆರೆಯು ಎಷ್ಟೇ ಅಚ್ಚುಕಟ್ಟಾಗಿದ್ದರೂ ಸಂಕೇತವು ಕೆಡುತ್ತದೆ. ಕಣ್ಣಿಗೆ ಕಾಣುವ ಗೆರೆಯನ್ನು ನೇರ್ಪುಗೊಳಿಸಿ, ಕಾಣದಿರುವ ಹಿಂದಿರುಗುವ ದಾರಿಯನ್ನು ಮರೆಯುವುದೇ ಈ ವಿದ್ಯೆಯಲ್ಲಿ ಹೊಸಬರು ಮಾಡುವ ಅತಿ ಸಾಮಾನ್ಯವಾದ ತಪ್ಪು. ಇದನ್ನು ತರಗತಿಯಲ್ಲಿ ಎಷ್ಟು ಬಾರಿ ಹೇಳಿದರೂ ಅಧಿಕವಾಗದು.

ಇಂಟೆಲ್ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿ ವಿನ್ಯಾಸಗೊಂಡು 2008ರ ಸೆಪ್ಟೆಂಬರಿನಲ್ಲಿ ಹೊರಬಂದ ‘ಡನ್ನಿಂಗ್ಟನ್’ ಎಂಬ ಪ್ರೊಸೆಸರು ಬಸ್ಸುಗಳ ಚರಿತ್ರೆಯಲ್ಲಿ ಒಂದು ಸಂಧಿಕಾಲದಲ್ಲಿ ನಿಂತಿದೆ. ಆರು ತಿರುಳುಗಳೂ 190 ಕೋಟಿ ಟ್ರಾನ್ಸಿಸ್ಟರುಗಳೂ ಇದ್ದ ಆ ಚಿಪ್ಪು ಹೊರಲೋಕದೊಡನೆ ಮಾತನಾಡುತ್ತಿದ್ದುದು ಫ್ರಂಟ್ ಸೈಡ್ ಬಸ್ ಎಂಬ ಹಳೆಯ ದಾರಿಯ ಮೂಲಕ. 1995ರ ಪೆಂಟಿಯಂ ಪ್ರೊ ಕಾಲದಲ್ಲಿ ಆ ದಾರಿಯನ್ನು ನಾಲ್ಕು ಪ್ರೊಸೆಸರುಗಳು ಹಂಚಿಕೊಂಡು 66 ಮೆಗಾಹರ್ಟ್ಸಿನಲ್ಲಿ ಬಳಸುತ್ತಿದ್ದುವು. ಡನ್ನಿಂಗ್ಟನ್ನಿನ ಹೊತ್ತಿಗೆ ವೇಗವು ಸೆಕೆಂಡಿಗೆ 106 ಕೋಟಿ ವರ್ಗಾವಣೆಗಳನ್ನು ಮುಟ್ಟಿತ್ತು. ಆದರೆ ಆ ವೇಗದಲ್ಲಿ ಕವಲುಗಳನ್ನು ಸಹಿಸಲಾಗದೆ, ಒಂದೊಂದು ಪ್ರೊಸೆಸರಿಗೂ ಪ್ರತ್ಯೇಕವಾಗಿ ಒಂದೊಂದು ಬಸ್ಸನ್ನೇ ಕೊಡಬೇಕಾಗಿ ಬಂದಿತ್ತು. ಹಲವರು ಹಂಚಿಕೊಳ್ಳುವ ದಾರಿಯೆಂಬ ಕಲ್ಪನೆಯು ಅಲ್ಲಿಗೆ ಮುಗಿದುಹೋಯಿತು. ಅದೇ ವರ್ಷದ ನವೆಂಬರಿನಲ್ಲಿ ಬಂದ ಮುಂದಿನ ಪೀಳಿಗೆಯ ಪ್ರೊಸೆಸರುಗಳು ಆ ಬಸ್ಸನ್ನೇ ಕೈಬಿಟ್ಟು, ಇಬ್ಬರ ನಡುವೆ ಮಾತ್ರ ಹಾಯುವ, ಜೋಡಿ ತಂತಿಗಳ, ಸೆಕೆಂಡಿಗೆ 640 ಕೋಟಿ ವರ್ಗಾವಣೆಗಳ ಹೊಸ ದಾರಿಯನ್ನು ಹಿಡಿದುವು.

ತರುವಾಯದ ಕಥೆಯನ್ನು ಪಿಸಿಐ ಎಕ್ಸ್‌ಪ್ರೆಸ್ಸಿನ ಅಂಕಿಗಳೇ ಹೇಳುತ್ತವೆ: 2003ರಲ್ಲಿ ಒಂದು ಜೋಡಿಗೆ ಸೆಕೆಂಡಿಗೆ 250 ಕೋಟಿ, 2010ರಲ್ಲಿ 800 ಕೋಟಿ, 2019ರಲ್ಲಿ 3200 ಕೋಟಿ, 2022ರಲ್ಲಿ 6400 ಕೋಟಿ ವರ್ಗಾವಣೆಗಳು. ಇಷ್ಟು ವೇಗದಲ್ಲಿ ತಾಮ್ರವೂ ಬೋರ್ಡಿನ ರಾಳವೂ ಸಂಕೇತವನ್ನು ಹೀರತೊಡಗುತ್ತವೆ. 2019ರ ನಿಯಮವು ಮಾರ್ಗದಲ್ಲಿ 36 ಡೆಸಿಬೆಲ್ ನಷ್ಟವನ್ನು ಸಹಿಸಬೇಕೆನ್ನುತ್ತದೆ, ಎಂದರೆ ಕಳುಹಿಸಿದ ವೋಲ್ಟೇಜಿನ ಅರವತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ ಮಾತ್ರ ಆಚೆ ದಡ ಸೇರುತ್ತದೆ. ಆ ಕ್ಷೀಣ ಸಂಕೇತವನ್ನು ತಿದ್ದಿ ತೀಡಿ ಓದುವುದಕ್ಕೆ ಎರಡು ತುದಿಗಳಲ್ಲಿಯೂ ಈಕ್ವಲೈಸರ್ ಎಂಬ ಸರ್ಕ್ಯೂಟುಗಳು ಬೇಕು. 2022ರ ಪೀಳಿಗೆಯಲ್ಲಿ ಎರಡು ಮಟ್ಟಗಳ ಬದಲು ನಾಲ್ಕು ಮಟ್ಟಗಳ ವೋಲ್ಟೇಜನ್ನು ಬಳಸಿ ಒಂದು ಮಿಡಿತಕ್ಕೆ ಎರಡು ಬಿಟ್ಟುಗಳನ್ನು ತುರುಕುವುದರಿಂದ, ಮಟ್ಟ ಮಟ್ಟಗಳ ನಡುವಣ ಅಂತರವು ಮೂರನೆಯ ಒಂದಕ್ಕೆ ಇಳಿದು, ತಪ್ಪು ತಿದ್ದುವ ಸಂಕೇತಲಿಪಿಯೂ ಅನಿವಾರ್ಯವಾಗಿದೆ. ಇವೆಲ್ಲವೂ ಬುದ್ಧಿಯ ಅದ್ಭುತಗಳೇ ಸರಿ. ಆದರೆ ಒಂದೊಂದೂ ವಿದ್ಯುತ್ತನ್ನು ಬೇಡುತ್ತದೆ. ಉದ್ದವಾದ, ಕೆಟ್ಟ ದಾರಿಯನ್ನು ಹಾಗೆಯೇ ಬಿಟ್ಟು ಅದರ ದೋಷಗಳನ್ನು ಲೆಕ್ಕದಿಂದ ತಿದ್ದುವುದಕ್ಕಿಂತ ದಾರಿಯನ್ನೇ ಮೋಟುಗೊಳಿಸುವುದು ಮೇಲೆಂಬುದು ನನ್ನ ದೃಢವಾದ ಅಭಿಪ್ರಾಯ. ಎಚ್‌ಬಿಎಂ ಎಂಬ ಮೆಮೊರಿಯು ಹಿಡಿದಿರುವ ಮಾರ್ಗ ಅದೇ: ಪ್ರೊಸೆಸರಿನ ಮಗ್ಗುಲಲ್ಲಿ, ಮಿಲಿಮೀಟರುಗಳ ಅಂತರದಲ್ಲಿ, ಸಿಲಿಕಾನಿನದೇ ಹಾಸಿನ ಮೇಲೆ ಕುಳಿತು, ಸಾವಿರಕ್ಕೂ ಮಿಕ್ಕ ತಂತಿಗಳ ಮೇಲೆ ಒಂದೊಂದರಲ್ಲಿಯೂ ಆತುರವಿಲ್ಲದ ವೇಗದಲ್ಲಿ ಮಾತನಾಡುವುದು. ಫ್ಲೋಸಾಲ್ವರಿನ ಮುಂದಣ ಅವತಾರಗಳಿಗಾಗಿ ಬೆಂಗಳೂರಿನ ಆ ಪ್ರಯೋಗಾಲಯದವರು ರಚಿಸಿದ ‘ಫ್ಲೋಸ್ವಿಚ್’, ಪ್ರೊಸೆಸರುಗಳ ನಡುವೆ ಓಡಾಡುವ ಸಂದೇಶಗಳ ಮೇಲೆ ದಾರಿಯಲ್ಲಿಯೇ ಗಣನೆ ನಡೆಸಿ ಅವುಗಳ ಓಡಾಟವನ್ನು ತಗ್ಗಿಸಿತು. ಸಾಗಣೆಯೇ ದುಬಾರಿಯೆಂಬುದನ್ನು ನಮ್ಮವರು ಎಷ್ಟು ಮೊದಲೇ ಕಂಡಿದ್ದರೆಂಬುದಕ್ಕೆ ಅದು ಸಾಕ್ಷಿ.

ಇದನ್ನೆಲ್ಲ ಕಲಿಯುವುದಕ್ಕೆ ಕೋಟಿಗಟ್ಟಲೆ ಬೆಲೆಯ ಯಂತ್ರಗಳು ಬೇಕೆಂಬ ಅಂಜಿಕೆಯು ಜಿಲ್ಲಾ ಕೇಂದ್ರಗಳ ಕಾಲೇಜುಗಳಲ್ಲಿ ವ್ಯಾಪಕವಾಗಿದೆ. ಅದು ನಿರಾಧಾರ. ಹತ್ತು ಮೀಟರು ಕೋಆಕ್ಸಿಯಲ್ ಕೇಬಲ್, 50 ಓಮಿನ ಔಟ್‌ಪುಟ್ ಇರುವ ಫಂಕ್ಷನ್ ಜನರೇಟರ್, ಒಂದು ಸಾಮಾನ್ಯ ಆಸಿಲೋಸ್ಕೋಪ್ ಇವು ಯಾವ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿಯೂ ಇರುತ್ತವೆ. ಕೇಬಲಿನಲ್ಲಿ ಸಂಕೇತವು ನ್ಯಾನೊಸೆಕೆಂಡಿಗೆ 20 ಸೆಂಟಿಮೀಟರಿನಂತೆ ಓಡುವುದರಿಂದ ಹೋಗಿ ಬರುವುದಕ್ಕೆ 100 ನ್ಯಾನೊಸೆಕೆಂಡುಗಳು ಹಿಡಿಯುತ್ತವೆ. ಜನರೇಟರಿನ ಬಳಿಯಲ್ಲಿಯೇ ಸ್ಕೋಪನ್ನು ತಗಲಿಸಿ ಚೌಕದಲೆಯೊಂದನ್ನು ಕಳುಹಿಸಿದರೆ, ಕೇಬಲಿನ ತುದಿ ತೆರೆದಿರುವಾಗ ವೋಲ್ಟೇಜು ಮೊದಲು ಅರ್ಧಕ್ಕೆ ಏರಿ, ಅಲ್ಲಿ ನೂರು ನ್ಯಾನೊಸೆಕೆಂಡುಗಳ ಮೆಟ್ಟಿಲಿನಂತೆ ನಿಂತು, ತರಂಗವು ಹಿಂದಿರುಗಿದೊಡನೆ ಪೂರ್ಣಕ್ಕೆ ಏರುವುದು ತೆರೆಯ ಮೇಲೆ ಕಾಣುತ್ತದೆ. ಪಿಸಿಐ ಬಸ್ಸಿನ ಉಪಾಯವು ಇದೇ. ತುದಿಯನ್ನು ಶಾರ್ಟ್ ಮಾಡಿದರೆ ಅರ್ಧಕ್ಕೇರಿದ್ದು ಸೊನ್ನೆಗೆ ಬೀಳುತ್ತದೆ. ತುದಿಗೆ 50 ಓಮಿನ ರೆಸಿಸ್ಟರನ್ನಿಟ್ಟರೆ ಮೆಟ್ಟಿಲು ಮಾಯವಾಗಿ, ಸಂಕೇತವು ಅರ್ಧದ ಮಟ್ಟದಲ್ಲಿಯೇ ಸ್ವಚ್ಛವಾಗಿ ನಿಲ್ಲುತ್ತದೆ. ಈಗ ಚೌಕದಲೆಯನ್ನು ನಿಲ್ಲಿಸಿ 5 ವೋಲ್ಟಿನ ಸ್ಥಿರ ವೋಲ್ಟೇಜನ್ನು ಕೊಟ್ಟು, ಸಾಲಿನಲ್ಲೊಂದು ಮಿಲಿಆಮೀಟರನ್ನು ಸೇರಿಸಿ ನೋಡಬೇಕು: ರೆಸಿಸ್ಟರಿರುವಾಗ, ಜನರೇಟರಿನ ಒಳಗಿನ 50 ಓಮೂ ಸೇರಿ, 50 ಮಿಲಿಆಂಪಿಯರ್ ಪ್ರವಾಹ ಎಡೆಬಿಡದೆ ಹರಿಯುತ್ತಿರುತ್ತದೆ, ತುದಿ ತೆರೆದಿರುವಾಗ ಮುಳ್ಳು ಸೊನ್ನೆಯಲ್ಲಿರುತ್ತದೆ. ರೆಸಿಸ್ಟರನ್ನು 50ರಿಂದ 75ಕ್ಕೆ, 100ಕ್ಕೆ ಏರಿಸುತ್ತ ಹೋದಂತೆ ಪ್ರವಾಹವು ಎಷ್ಟು ಇಳಿಯಿತು, ಪ್ರತಿಫಲನವು ಎಷ್ಟು ಬೆಳೆಯಿತು ಎಂದು ಎರಡು ಕಲಮುಗಳಲ್ಲಿ ಬರೆದುಕೊಂಡ ವಿದ್ಯಾರ್ಥಿಯು, ಡಿಡಿಆರ್5 ಮೆಮೊರಿಯ ಟರ್ಮಿನೇಷನ್ನಿಗೆ ಯಾವ ಬೆಲೆಯನ್ನು ಆರಿಸಬೇಕೆಂದು ಬೆಂಗಳೂರಿನ ವಿನ್ಯಾಸಕಾರರು ಇಂದಿಗೂ ನಡೆಸುವ ಚರ್ಚೆಯೊಳಗೆ ಸಲೀಸಾಗಿ ಕಾಲಿಡಬಲ್ಲನು.